ಮಕ್ಬೂಲನ ಒಂದು ಹನಿ ರಕ್ತ

ದೆವ್ವ ಕಂಡೆ, ಪವಾಡ ಕಂಡೆ ಎನ್ನುವವರ ಎದುರಿಗೇ ನಕ್ಕವನು ನಾನು. ಕಂಡದ್ದನ್ನು ಸೂಕ್ಷ್ಮದರ್ಶಕದಲ್ಲಿ ಇನ್ನೊಮ್ಮೆ ನೋಡಿದರೆ ಅರ್ಧ ದೆವ್ವಗಳು ಓಡಿಹೋಗುತ್ತವೆ ಎಂದು ಗೆಳೆಯರಿಗೆ ಉಪದೇಶವನ್ನೂ ಮಾಡುತ್ತಿದ್ದೆ. ನನ್ನ ಗ್ರಹಚಾರಕ್ಕೆ, ನನಗೆ ಕಂಡದ್ದು ಸೂಕ್ಷ್ಮದರ್ಶಕದಲ್ಲಿಯೇ.

ಎಪ್ಪತ್ತರ ದಶಕದ ಮಾತು. ನಾನೂ ಮಕ್ಬೂಲನೂ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೆವು. ಹಿಮೋಗ್ಲೋಬಿನ್ ಎಂಬ ಅಣುವಿನಲ್ಲಿ ಸಣ್ಣದೊಂದು ದೋಷವಿದ್ದರೆ ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಆ ಕಾಯಿಲೆ ವಿಜಾಪುರ ಸೀಮೆಯ ಮನೆತನಗಳಲ್ಲಿ ಇದೆಯೇ ಎಂದು ಹುಡುಕುವುದು ನಮ್ಮ ಕೆಲಸ. ತಿಕೋಟಾದಲ್ಲಿ ಒಂದು ಕೋಣೆ ಹಿಡಿದು, ಸುತ್ತಲಿನ ಬಿಜ್ಜರಗಿ, ಕಳ್ಳಕವಟಗಿ ಹಳ್ಳಿಗಳನ್ನು ತಿರುಗಿ ರಕ್ತ ತರುತ್ತಿದ್ದೆವು. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ತೆಳು ಗಾಜು ಮುಚ್ಚಿ, ಗಾಳಿ ಹೋಗದಂತೆ ಅಂಚಿಗೆ ಮೇಣ ಬಳಿಯಬೇಕು. ಹೋಲಿಸಿ ನೋಡಲು ಪ್ರತಿ ಸಲವೂ ಆರೋಗ್ಯವಂತನ ಹನಿಯೊಂದು ಬೇಕು. ಅದು ಮಕ್ಬೂಲನದೇ. "ನಿನ್ನ ರಕ್ತದಾಗ ಬರೇ ಚಾ ಐತಿ, ಬ್ಯಾಡ" ಎಂದು ನನ್ನನ್ನು ಕಾಡಿಸಿ ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದ. ಆ ಪಟ್ಟಿಯ ಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರ ಗೀರುತ್ತಿದ್ದ.

ಒಂದು ಬೇಸಿಗೆಯಲ್ಲಿ ಜ್ವರವೆಂದು ವಿಜಾಪುರದ ಮನೆಗೆ ಹೋದವನು ಮತ್ತೆ ಏಳಲಿಲ್ಲ. ಅವನ ಮಣ್ಣಿಗೆ ಹೋಗಿ ಬಂದೆ. ಕೆಲವು ವಾರಗಳ ನಂತರ ಅವನ ತಾಯಿ ನನ್ನನ್ನು ಕರೆಸಿದರು.

"ಯಪ್ಪಾ, ಅವನ ರಕ್ತ ನಿಮ್ಮ ಖೋಲ್ಯಾಗ ಇಟ್ಟೀರಂತ. ಮೈಯಾಗಿಂದು ಏನಿದ್ರೂ ಮಣ್ಣಿಗೆ ಸೇರಬೇಕು. ಅದು ಹೊರಗ ಇರೂತನಾ ನನಗ ನಿದ್ದಿಲ್ಲ."

ತಂದುಕೊಡುತ್ತೇನೆಂದು ಮಾತು ಕೊಟ್ಟೆ.

ಮರುದಿನ ಕೋಣೆಯಲ್ಲಿ ಅವನ ಪಟ್ಟಿಗಳನ್ನೆಲ್ಲ ಆರಿಸಿ ಬಟ್ಟೆಯಲ್ಲಿ ಕಟ್ಟತೊಡಗಿದೆ. ಕೊನೆಯ ಸಲ ಊರಿಗೆ ಹೊರಟ ಬೆಳಿಗ್ಗೆ ಅವನು ಮಾಡಿಟ್ಟಿದ್ದ ಪಟ್ಟಿಯನ್ನು ಮಾತ್ರ, ಯಾಕೋ ನೋಡಬೇಕೆನಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೆಳಕಿಗಾಗಿ ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಕೆಂಪು ಕಣಗಳು ಯಾವಾಗಲೋ ಒಡೆದುಹೋಗಿದ್ದವು. ಆ ಮಸುಕಿನಲ್ಲಿ ಒಂದು ಬಿಳಿ ಕಣ ನಡೆಯುತ್ತಿತ್ತು. ಪಾದದಂಥದೊಂದನ್ನು ಮುಂದೆ ಚಾಚಿ, ಮೈ ಎಳೆದುಕೊಂಡು, ಮತ್ತೆ ಚಾಚುತ್ತಿತ್ತು. ಹಾಗೆ ನಡೆಯುವುದು ಜೀವವಿರುವ ಕಣ ಮಾತ್ರ. ಮುಚ್ಚಿಟ್ಟ ಹನಿಯಲ್ಲಿ ಅದು ಒಂದೆರಡು ದಿನ ಉಳಿದರೆ ಹೆಚ್ಚು.

ಕೆಲಸ ನೋಡಲು ಅಂದು ಬಂದಿದ್ದ ನಮ್ಮ ಪ್ರಾಧ್ಯಾಪಕರನ್ನು ಕರೆದು ತೋರಿಸಿದೆ. ಕ್ರಿಮಿಗಳು ದೂಡುತ್ತಿರಬೇಕು ಎಂದರು. ಬಹಳ ಹೊತ್ತು ನೋಡಿದ ಮೇಲೆ, ಅಲ್ಲ ಎಂದರು.

"ಇದೊಂದನ್ನ ಕೊಡಬ್ಯಾಡ. ಇಟ್ಟುಕೊಂಡು ನೋಡೋಣು. ಆ ತಾಯಿಗೇನ್ ತಿಳೀತೈತಿ?"

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಪಟ್ಟಿಯನ್ನು ಗಂಟಿಗೆ ಸೇರಿಸಿ ವಿಜಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಬಿಚ್ಚಲು ಧೈರ್ಯ ಬರಲಿಲ್ಲ.

ತಾಯಿ ಬಾಗಿಲಲ್ಲೇ ಕೂತಿದ್ದರು. ಗಂಟನ್ನು ಎರಡೂ ಕೈಯಿಂದ ಇಸಿದುಕೊಂಡು ಎದೆಗೆ ಒತ್ತಿಕೊಂಡರು.

"ಬೆಚ್ಚಗ ಐತಲ್ಲೋ ಯಪ್ಪಾ."

"ಬಿಸಿಲಾಗ ತಂದೀನ್ರಿ ಅಮ್ಮಾರ" ಎಂದೆ. ಬಿಸಿಲಂತೂ ಇತ್ತು.

ಮಕ್ಬೂಲನ ಅಣ್ಣ ಅದನ್ನು ಒಯ್ದು ಗೋರಿಯ ಪಕ್ಕದಲ್ಲಿ ಹೂಳಿ ಬಂದ. ಈಗ ನಿದ್ದೆ ಬರುತ್ತಿದೆ ಎಂದು ಮುಂದೊಮ್ಮೆ ಆ ತಾಯಿ ಹೇಳಿ ಕಳಿಸಿದರು.

ಆಮೇಲೆ ಅಂಥದನ್ನು ನಾನು ಎಲ್ಲಿಯೂ ಕಾಣಲಿಲ್ಲ, ಪುಸ್ತಕಗಳಲ್ಲಿಯೂ ಓದಲಿಲ್ಲ. ಪ್ರಾಧ್ಯಾಪಕರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ವಿಜ್ಞಾನಕ್ಕೆ ಏನು ನಷ್ಟವಾಯಿತೋ ನಾನರಿಯೆ, ಅದರ ಚಿಂತೆಯೂ ನನಗಿಲ್ಲ. ಆ ತಾಯಿಗೆ ಒಂದು ಸಲ ತೋರಿಸಬೇಕಿತ್ತೇ ಎಂಬುದು ಮಾತ್ರ ಇಂದಿಗೂ ಕೊರೆಯುತ್ತದೆ. ತೋರಿಸಿದ್ದರೆ ಅವರು ಅದನ್ನು ಮಣ್ಣಿಗೆ ಕೊಡುತ್ತಿದ್ದರೇ? ಮಣ್ಣು ಹಾಕುವ ಹೊತ್ತಿಗೆ ಆ ಕಣದ ನಡಿಗೆ ನಿಂತಿತ್ತೇ? ನಿಂತಿತ್ತು ಎಂದು ನಂಬಲು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ, ಆಗಿಲ್ಲ.