ಅತ್ತೆ ಮನೆಯ ಮುದ್ದೆ, ನಮ್ಮ ಮನೆಯ ಹಾಲು

ಸುಳ್ಳು ಹೇಳಬಾರದೆಂದು ನನ್ನ ಅಕ್ಕ ನಾಲ್ಕು ವರ್ಷದ ಮಗಳಿಗೆ ದಿನವೂ ಉಪದೇಶ ಮಾಡುತ್ತಾಳೆ. ಮೊನ್ನೆ ಹುಣಸಮಾರನಹಳ್ಳಿಯ ನಮ್ಮ ಸೋದರತ್ತೆ ಮನೆಗೆ ಹೋದೆವು. ಬಾಗಿಲಲ್ಲೇ ಅತ್ತೆ, "ಊಟ ಆಯ್ತಾ ಪುಟ್ಟಾ?" ಎಂದರು.

"ಇಲ್ಲ, ಹಸಿವಾಗ್ತಿದೆ."

ಅತ್ತೆ ಖುಷಿಯಿಂದ ಬಿಸಿ ಮುದ್ದೆ ಬಡಿಸಿದರು. ಅಕ್ಕ ಮಗುವಿನ ತೊಡೆ ಚಿವುಟಿದಳು.

ವಾಪಸ್ ಬರುವಾಗ ಆಟೋದಲ್ಲಿ ಪಾಠ ಶುರುವಾಯಿತು. "ಯಾರ ಮನೇಲಿ ಕೇಳಿದ್ರೂ ಆಯ್ತು ಅನ್ಬೇಕು."

"ಆಗಿರ್ಲಿಲ್ವಲ್ಲಮ್ಮ. ಸುಳ್ಳಲ್ವಾ ಅದು?"

"ಸುಳ್ಳಲ್ಲ ಕಣೇ, ಮರ್ಯಾದೆ."

ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನ್ನ ಬಾಯಿ ಸುಮ್ಮನಿರಲಿಲ್ಲ. ತನಗೆ ಗೊತ್ತಿರುವುದೆಲ್ಲ ಎಲ್ಲರಿಗೂ ಗೊತ್ತು, ಏನನ್ನೂ ಮುಚ್ಚಿಡಲಾಗದು ಎಂದು ಇಷ್ಟು ದಿನ ನಂಬಿದ್ದ ಮಗು ಇದು. ಹಸಿವನ್ನು ಮುಚ್ಚಿಡಬಹುದು ಎಂದು ನೀನೇ ಕಲಿಸಿದರೆ, ಅದು ಹಸಿವಿಗೇ ನಿಲ್ಲುತ್ತದೆಯೇ ಎಂದು ಕೇಳಿದೆ.

"ನಿನ್ ಡಿಬೇಟು ಕಾಲೇಜಲ್ಲಿ ಇಟ್ಕೋ ಗುರು," ಎಂದಳು ಅಕ್ಕ.

ಅದೇ ಸಂಜೆ ಅಡುಗೆಮನೆಯಿಂದ ಅಕ್ಕ, "ಹಾಲು ಕುಡಿದ್ಯಾ?" ಎಂದಳು.

"ಆಯ್ತಮ್ಮ."

ತುಂಬಿದ ಲೋಟ ಟಿವಿಯ ಹಿಂದೆ ಸಿಕ್ಕಿತು. ಯಾಕೆ ಸುಳ್ಳು ಹೇಳಿದೆ ಎಂದು ಅಕ್ಕ ಗದರಿದರೂ ಮಗು ಅಳಲಿಲ್ಲ.

"ಸುಳ್ಳಲ್ಲಮ್ಮ, ಮರ್ಯಾದೆ."

ಅಕ್ಕ ದುರುಗುಟ್ಟಿ ನೋಡಿದ್ದು ನನ್ನನ್ನು. "ಎಲ್ಲದಕ್ಕೂ ಎದುರು ವಾದಿಸೋದು, ನಿನ್ನಿಂದ್ಲೇ ಕಲ್ತಿರೋದು ಇದು."