ನೀರು ಬಿಟ್ಟ ಟಗರು

ಟಗರನ್ನು ನಾನು ತಕ್ಕಡಿ ನಂಬಿ ಕೊಂಡವನಲ್ಲ. ಬೆನ್ನಿನ ಮೇಲೆ ಅಂಗೈಯಿಟ್ಟು ಬಾಲದ ಬುಡ ಒತ್ತಿದರೆ ಸಾಕು, ಏನು ಮೇಯ್ದಿದೆ, ಎಷ್ಟು ಓಡಾಡಿದೆ ಎಂದು ಹೇಳುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಈ ಕೈಯೇ ವಿದ್ಯೆ. ಬಾಲಾನಗರದಲ್ಲಿ ನನ್ನ ಮಟನ್ ಅಂಗಡಿ ನಿಂತದ್ದೂ ಅದರ ಮೇಲೆಯೇ.

ಒಂದು ಸೋಮವಾರ ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬಳು ಕಟ್ಟೆಯ ಮೇಲೆ ಸಾರಿನ ಪಾತೇಲಿ ತಂದು ಕುಕ್ಕಿದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುವವಳು.

"ಅಣ್ಣಾ, ನಿನ್ನೆ ಕೊಟ್ಟಿದ್ದು ಮಟನ್ನೋ, ನಳದ ನೀರೋ? ಪಾತೇಲ್ಯಾಗ ತುಂಡು ಹುಡುಕಬೇಕಾತು. ಸಿಕ್ಕಿದ್ದು ರಬ್ಬರ್! ಮಗಳನ್ನ ನೋಡಾಕ ಬಂದವರು 'ಅಡಗಿ ಮಾಡಾಕ ಬರಂಗಿಲ್ಲೇನು ಹುಡುಗಿಗೆ' ಅಂದು ಎದ್ದು ಹೋದ್ರು."

"ಕುದಿಸಾಕ ಬರದಿದ್ರ ನನ್ನ ಮ್ಯಾಲ ಯಾಕ ಹಾಕ್ತಿ?" ಎಂದು ರೇಗಿದೆ. ಅವಳು ಮುಚ್ಚಳ ತೆಗೆದಳು. ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಗಿದೆ, ಅಗಿದೇ ಅಗಿದೆ. ಟಗರಿನ ರುಚಿಯೇ ಇಲ್ಲ. ಕೊಯ್ಯುವಾಗಲೇ ಮಾಂಸ ನೀರು ಬಿಟ್ಟು ಹಲಗೆ ತೊಯ್ದಿತ್ತು, ನೋಡಿದ್ದೆ. ನನ್ನ ಕೈ ತಪ್ಪುವುದಿಲ್ಲ ಎಂಬ ಸೊಕ್ಕಿನಲ್ಲಿ ಕತ್ತಿ ಬೀಸಿದ್ದೆ.

ಪಾತೇಲಿ ಹಿಡಿದು ಶಂಶಾಬಾದಿನ ಆಚೆ, ಟಗರು ಕೊಟ್ಟವನ ಶೆಡ್ಡಿಗೆ ಹೋದೆ. ಅವನೂ ನಮ್ಮ ಬೀದರ ಕಡೆಯವನೇ.

"ಏನ್ ಕಾಕಾ, ಬುತ್ತಿ ತಂದೀರಿ?" ಎಂದು ನಕ್ಕ.

"ನಿನಗಪಾ. ತಿನ್ನು."

ಅವನು ಮುಟ್ಟಲಿಲ್ಲ. ಗೋಡೆಗುಂಟ ಮೇವಿಗೆ ಬೆರೆಸುವ ಪುಡಿಯ ಡಬ್ಬಿ, ಇಂಜೆಕ್ಷನ್ ಸೂಜಿ ಸಾಲಾಗಿದ್ದವು. "ಎಲ್ಲಾರೂ ಹಾಕಾಕತ್ತಾರ ಕಾಕಾ, ಲಗೂ ತೂಕ ಬರ್ತೈತಿ. ನೀವೇ ಬೆನ್ನು ಮುಟ್ಟಿ ಶಭಾಷ್ ಅಂದಿದ್ರಿ."

ಹಿಂದೆ ಬೇವಿನ ಮರಕ್ಕೆ ಎರಡು ತೆಳ್ಳನೆಯ ಟಗರು ಕಟ್ಟಿದ್ದವು, ಮುಂದೆ ಬರೀ ಜೋಳದ ಕಣಿಕೆ.

"ಇವು?"

"ಅವು ಮನಿಗೆ. ಮಾರಾಕಲ್ಲ."

ಮನೆಗಂತೆ! ತನ್ನ ಮಕ್ಕಳಿಗೆ ಕಣಿಕೆ ತಿಂದದ್ದು, ಇಟ್ಟಿಗೆ ಹೊರುವವಳ ಮಗಳಿಗೆ ಸೂಜಿ ಚುಚ್ಚಿದ್ದು! ಪಾತೇಲಿಯನ್ನು ಅವನ ಡಬ್ಬಿಗಳ ಮೇಲೆ ಮಗುಚಿದೆ. ಮತ್ತೆಂದೂ ಆ ಕಡೆ ಹೋಗಲಿಲ್ಲ. ಅವನ ಶೆಡ್ಡು ಇಂದಿಗೂ ತುಂಬಿಯೇ ಇದೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಂದೇ ಸಂಜೆ ಪಾತೇಲಿ ತೊಳೆದು ಅವಳಿಗೆ ಕೊಟ್ಟೆ. "ಆ ಗಂಡಿನ ಮನಿ ಎಲ್ಲೈತಿ ಹೇಳು, ತಂಗೆವ್ವಾ."

ಗಚ್ಚಿಬೌಲಿಯ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಹುಡುಗನ ಅಪ್ಪ ವಾಚ್‌ಮನ್. ಹೋಗಿ ಅವನೆದುರು ನಿಂತೆ. ಬೈಯುವುದು ನನಗೆ ಸಲೀಸು. ತಪ್ಪೊಪ್ಪಿಕೊಂಡು ರೂಢಿಯಿಲ್ಲ. ಕಡೆಗೆ ಅಂದೆ: "ಹುಡುಗಿ ಅಡಗಿ ಛಲೋ ಐತ್ರಿ. ತಪ್ಪಿದ್ದು ನನ್ನ ಕೈ."