ಹಿಲ್ಡಾ ತೋರಿಸಿದ ಮಸ್ಕತ್

ಮೀನಿನ ವಿಷಯದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ನಮ್ಮದು ತಲೆತಲಾಂತರದಿಂದ ಕಡಲಿಗೆ ಇಳಿದವರ ಮನೆ. ಕಿವಿರು ಎತ್ತಿ ನೋಡಿದರೆ ಸಾಕು, ಹಿಡಿದದ್ದು ಇವತ್ತೋ ನಿನ್ನೆಯೋ ಹೇಳಿಬಿಡುತ್ತೇನೆ. ಅಂಥ ನನ್ನ ಕೈಯಿಂದ, ಈ ಫೆಬ್ರವರಿಯ ಒಂದು ಬೆಳಿಗ್ಗೆ, ಮಸ್ಕತ್ತಿನ ಮತ್ರಾ ಮೀನು ಮಾರುಕಟ್ಟೆಯಲ್ಲಿ, ಗೆಳತಿ ಹಿಲ್ಡಾ ಅಂಜಲ್ ಮೀನನ್ನು ಕಸಿದು ವಾಪಸ್ ಇಟ್ಟಳು!

“ಇದು ಬೇಡ ಸುಜಾತಾ, ಐಸಿನಲ್ಲಿ ಇಟ್ಟದ್ದು” ಎಂದಳು. ಆಮೇಲೆ ಮೀನಿನವನೊಂದಿಗೆ ಅರಬ್ಬಿಯಲ್ಲಿ ಸ್ವಲ್ಪ ಜಗಳ, ಸ್ವಲ್ಪ ನಗು. ಆತ ಬೇರೆಯದನ್ನು ತೆಗೆದುಕೊಟ್ಟ. (ಅಂಜಲಿಗೆ ಅಲ್ಲಿ ‘ಕನಅದ್’ ಎನ್ನುತ್ತಾರಂತೆ. ನನಗೆ ‘ಕನ್ನಡ’ ಎಂದೇ ಕೇಳಿಸಿ ಸುಮ್ಮನೆ ಪುಳಕಗೊಂಡೆ.)

ಹಿಲ್ಡಾ ವಾಮಂಜೂರಿನವಳು. ಕಾಲೇಜಿನಲ್ಲಿ ನನ್ನ ಬೆಂಚಿನವಳು. ನರ್ಸ್ ಆಗಿ ಮಸ್ಕತ್ತಿಗೆ ಹೋಗಿ ಇಪ್ಪತ್ತೊಂಬತ್ತು ವರ್ಷ. “ಬಾ, ಬಾ” ಎಂದು ಪ್ರತಿ ವರ್ಷ ಕರೆಯುತ್ತಿದ್ದಳು. ನಾನು ಹೋದೆನೇ? ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು, ಎಂಥದಾದರೂ ಒಂದು ನೆಪ. ಜನವರಿಯಲ್ಲಿ ಫೋನ್ ಬಂತು.

“ಬರುವುದಾದ್ರೆ ಈಗ ಬಾ ಮಾರಾಯ್ತಿ. ಮಾರ್ಚಿಗೆ ನಂಗೆ ರಿಟೈರ್‌ಮೆಂಟ್. ಮತ್ತೆ ಇಲ್ಲಿ ನಮ್ಮ ಮನೆ ಇರುವುದಿಲ್ಲ.”

ಗಲ್ಫ್ ಎಂದರೆ ಹಾಗೆ. ಕೆಲಸ ಮುಗಿದರೆ ವೀಸಾ ಮುಗಿಯಿತು. ವೀಸಾ ಮುಗಿದರೆ ಹೊರಡಬೇಕು. ನಾನು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿದೆ.

ನನಗೆ ಮಸ್ಕತ್ತಿನ ಕೋಟೆ ನೋಡುವ ಆಸೆ. ಹಿಲ್ಡಾಳ ಗಂಡ ವಿನ್ಸೆಂಟ್ ಕಾರು ನಿಲ್ಲಿಸಿದ್ದು ಮಾತ್ರ ಒಂದು ಹಳೆಯ ಕಟ್ಟಡದ ಎದುರು. “ಆ ಎರಡನೇ ಕಿಟಕಿ ನೋಡಿ. ನಮ್ಮ ಮೊದಲ ರೂಮ್.” ಮುಂದೆ ಒಂದು ಬೇಕರಿ, ಮಗಳ ಮೊದಲ ಹುಟ್ಟುಹಬ್ಬದ ಕೇಕ್ ಅಲ್ಲಿಯದು. ಒಂದು ಬಸ್‌ಸ್ಟಾಪ್, ಮೊದಲ ಬೇಸಿಗೆಯಲ್ಲಿ ಹಿಲ್ಡಾ ತಲೆ ತಿರುಗಿ ಬಿದ್ದದ್ದು ಅಲ್ಲಿ. ಕೋಟೆ ದೂರದಿಂದಲೇ ಟಾಟಾ ಮಾಡಿತು!

ಒಂದು ಸಂಜೆ ಮೂವರೂ ಕಡಲ ಬದಿಯಲ್ಲಿ ನಡೆಯುತ್ತಿದ್ದೆವು. ಎದುರಿಗೆ ಬಂದ ಕಪ್ಪು ಅಬಾಯಾದ ಹೆಂಗಸೊಬ್ಬಳು ಥಟ್ಟನೆ ನಿಂತಳು. “ಹಿಲ್ಡಾ!” ಎಂದು ಕೂಗಿ ತಬ್ಬಿಕೊಂಡಳು, ಹಣೆಗೆ ಮುತ್ತಿಟ್ಟಳು. ಪಕ್ಕದಲ್ಲಿದ್ದ ತನ್ನ ಎತ್ತರದ ಮಗಳನ್ನು ಮುಂದಕ್ಕೆ ಎಳೆದಳು. ಆ ಹುಡುಗಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಂತೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ತಿಂಗಳು ಅವಳನ್ನು ನೋಡಿಕೊಂಡದ್ದು ಹಿಲ್ಡಾ. ಈಗ ಕಾಲೇಜಿಗೆ ಹೋಗುತ್ತಾಳೆ.

ಹಿಲ್ಡಾ ಏನೋ ಹೇಳಿದಳು. ಆ ತಾಯಿಯ ಮುಖ ಬಾಡಿತು. ಹಿಲ್ಡಾಳ ಕೈ ಹಿಡಿದುಕೊಂಡು ಮತ್ತೆ ಮತ್ತೆ ಒಂದೇ ಮಾತು ಕೇಳಿದಳು.

“ಎಂತ ಹೇಳ್ತಿದ್ದಾಳೆ?” ಎಂದೆ.

ವಿನ್ಸೆಂಟ್ ಮೆಲ್ಲನೆ ಹೇಳಿದ, “ನಾವು ಹೋಗ್ತೇವೆ ಅಂತ ಇವಳು ಹೇಳಿದಳು. ‘ಹೋಗುವುದಾ? ನೀನು ಇಲ್ಲಿಯವಳಲ್ವಾ?’ ಅಂತ ಅವಳು ಕೇಳ್ತಿದ್ದಾಳೆ.”

ಮನೆಗೆ ಬಂದು ಹಿಲ್ಡಾ ಮೀನು ಕತ್ತರಿಸಲು ಕುಳಿತಳು. ಸಮಾಧಾನ ಮಾಡಬೇಕೆನಿಸಿತು. “ಇನ್ನು ಊರಿಗೆ ಬರ್ತೀಯಲ್ಲ, ಆರಾಮ ಬಿಡು” ಎಂದೆ. (ವಾರವಾರವೂ ಅಂಕಣ ಬರೆಯುವವರಿಗೆ ಸುಮ್ಮನಿರಲು ಬರುವುದಿಲ್ಲ ನೋಡಿ.)

ಅವಳು ಚೂರಿ ಕೆಳಗಿಟ್ಟಳು.

“ಊರು ಅಂದ್ರೆ ನಂಗೆ ವರ್ಷಕ್ಕೆ ಮೂವತ್ತು ದಿನ, ಸುಜಾತಾ. ಅದರಲ್ಲಿ ಎರಡು ಮದುವೆ, ಹಲ್ಲಿನ ಡಾಕ್ಟರ್, ಆಧಾರ್ ಕಾರ್ಡ್. ಕದ್ರಿಯಲ್ಲಿ ಫ್ಲ್ಯಾಟ್ ಉಂಟು, ಹೌದು. ಆದ್ರೆ ಅಲ್ಲಿಂದ ಉರ್ವಕ್ಕೆ ಯಾವ ನಂಬರಿನ ಬಸ್ ಅಂತ ನಂಗೆ ಗೊತ್ತಿಲ್ಲ. ಐವತ್ತೆಂಟನೇ ವಯಸ್ಸಲ್ಲಿ ಹೊಸ ಊರಿಗೆ ಹೋಗ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ.”

ಹೊಸ ಊರು! ನಮ್ಮ ಮಂಗಳೂರು!

ವಿನ್ಸೆಂಟ್ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ ಅವನೂ ಈ ಮಾತು ಕೇಳಿದ್ದು ಆವತ್ತೇ ಎಂದು ಅವನ ಮುಖವೇ ಹೇಳುತ್ತಿತ್ತು. ನಾನು ಬೇರೆ ಸಮಾಧಾನ ಹುಡುಕಲು ಹೋಗಲಿಲ್ಲ. ಅವಳ ಪಕ್ಕ ಕುಳಿತು ಉಳಿದ ಮೀನು ಕತ್ತರಿಸಿದೆ. ಮರುದಿನ ಕೋಟೆಯ ಮಾತೆತ್ತದೆ, “ನಿನ್ನ ಆಸ್ಪತ್ರೆ ತೋರಿಸು” ಎಂದೆ. ಗೇಟಿನ ಕಾವಲುಗಾರನಿಂದ ಹಿಡಿದು ಲಿಫ್ಟಿನೊಳಗಿದ್ದವರ ತನಕ ಎಲ್ಲರೂ ಅವಳನ್ನು ಮಾತಾಡಿಸಿದರು. ಅವಳು ಒಬ್ಬೊಬ್ಬರ ಮನೆಯವರನ್ನೂ ಹೆಸರು ಹಿಡಿದು ವಿಚಾರಿಸಿದಳು. ನನ್ನನ್ನು ತೋರಿಸಿ ಹೇಳಿದ್ದು, “ನಮ್ಮನೆಗೆ ಬಂದ ನೆಂಟರು.”

ಏಪ್ರಿಲಿನಲ್ಲಿ ಇಬ್ಬರೂ ಬಂದರು. ನಾನು ಒಂದು ವಾರ ಬೇರೆಲ್ಲ ಕೆಲಸ ಬದಿಗಿಟ್ಟೆ. ಹಿಲ್ಡಾಳನ್ನು ಸಿಟಿ ಬಸ್ಸಿನಲ್ಲಿ ಸುತ್ತಿಸಿದೆ. ಇದು ನನ್ನ ಟೈಲರ್, ಇದು ನಂಬಬಹುದಾದ ಮೆಡಿಕಲ್, ಈ ಫುಟ್‌ಪಾತಿನಲ್ಲಿ ಮಾತ್ರ ನಡೆಯಬೇಡ. ಅವಳು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ನಾಲ್ಕನೆಯ ದಿನ ಒಬ್ಬಳೇ ಬಸ್ ಹತ್ತಿ, ದಾರಿ ತಪ್ಪಿ, ಲೇಡಿಹಿಲ್ಲಿನಿಂದ ಫೋನ್ ಮಾಡಿದಳು. “ನೀನು ಬರುವುದು ಬೇಡ. ಕೇಳಿಕೊಂಡು ಬರ್ತೇನೆ” ಎಂದಳು. ಮುಕ್ಕಾಲು ಗಂಟೆ ತಡವಾಗಿ ಬಂದಳು, ಬೆವರಿಳಿಸಿಕೊಂಡು, ಗೆದ್ದವಳ ಹಾಗೆ.

ಕಳೆದ ಭಾನುವಾರ ಕದ್ರಿ ಪಾರ್ಕಿನಲ್ಲಿ ನಾವಿಬ್ಬರೂ ವಾಕಿಂಗ್ ಮಾಡುತ್ತಿದ್ದೆವು. ಅವಳ ಮೇಲಿನ ಮಹಡಿಯ ಹೆಂಗಸು ಎದುರಾದರು. ಒಳ್ಳೆಯವರು, ನಗುಮುಖದವರು. “ಓ, ಹಿಲ್ಡಾ ಬಾಯಿ! ಇನ್ನು ಹೋಗುವುದು ಯಾವಾಗ?”

“ಇನ್ನು ಹೋಗ್ಲಿಕ್ಕಿಲ್ಲ. ಬಂದಾಯ್ತು.”

“ಅಯ್ಯೋ ದೇವರೇ, ಎಂತ ಆಯ್ತು?”

“ಎಂತದೂ ಆಗ್ಲಿಲ್ಲ. ಕೆಲಸ ಮುಗಿಯಿತು, ಬಂದೆವು” ಎಂದು ಹಿಲ್ಡಾ ನಕ್ಕಳು. ಆ ನಗು ಪಾರ್ಕಿನ ಅರ್ಧ ಸುತ್ತು ಕೂಡ ಬಾಳಲಿಲ್ಲ.

ಹೊರದೇಶದಿಂದ ಬಂದವರನ್ನು ಕಂಡ ಕೂಡಲೇ ಹೋಗುವ ದಿನ ಕೇಳುತ್ತೇವಲ್ಲ, ಅದರ ಬದಲು “ಬನ್ನಿ, ಒಂದು ಚಾ ಕುಡಿಯುವ” ಎಂದರೆ ನಮ್ಮ ಗಂಟೇನು ಹೋಗುತ್ತದೆ?